ಬಿಸಿಲೇರುವ ಮೊದಲೇ ದಾಟಿಬಿಡು

ಮೇ ತಿಂಗಳಲ್ಲಿ ಹಿಮಾಲಯದ ರೂಪಿನ್ ಪಾಸ್‌ಗೆ ಟ್ರೆಕ್ಕಿಂಗ್ ಹೊರಟಿದ್ದೀಯಂತೆ, ಬಹಳ ಸಂತೋಷ ಕಣಮ್ಮಾ. ಬೂಟು, ಜಾಕೆಟ್ಟು, ಮಾತ್ರೆಗಳ ಪಟ್ಟಿಯನ್ನು ತಂಡದವರು ಕೊಟ್ಟಿರುತ್ತಾರೆ. ನಾನು ಹೇಳಬೇಕಾದ್ದು ಹೊತ್ತಿನ ವಿಚಾರ.

ಪಾಸ್ ದಾಟುವ ದಿನ ಗೈಡ್ ಬೆಳಗಿನ ಜಾವ 3 ಗಂಟೆಗೇ ಎಬ್ಬಿಸಿದರೆ ಗೊಣಗಬೇಡ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮದ ಶಾಖವೆಲ್ಲ ಹೊರಹೋಗಿ ಮೇಲ್ಪದರ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಬಿಸಿಲೇರಿದಂತೆ ಕರಗಿದ ನೀರು ಒಳಗಿಳಿದು ಹರಳುಗಳ ನಡುವಿನ ಬೆಸುಗೆಯನ್ನು ಬಿಡಿಸುತ್ತದೆ. ಆಮೇಲೆ ಇಳಿಜಾರಿಗೆ ಇಳಿಜಾರೇ ಹಸಿ ಕಾಂಕ್ರೀಟಿನ ಹಾಗೆ ಕೆಳಗೆ ಬರಬಹುದು. ಪೂರ್ವಕ್ಕೆ ಮುಖಮಾಡಿದ ಇಳಿಜಾರು ಮೊದಲು ಸಡಿಲವಾಗುತ್ತದೆ, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ರಾತ್ರಿಯಿಡೀ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟಿರುವುದಿಲ್ಲ. ಆಗ ಬೇಗ ಹೊರಟೂ ಪ್ರಯೋಜನವಿಲ್ಲ. ಮಳೆ ಬಿದ್ದಿದ್ದರಂತೂ ಟೆಂಟು ಬಿಟ್ಟು ಕದಲಬೇಡಿ.

ಹಿಮ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಮ್ಮ ಕಾಲಿಗೆ ಹತ್ತಬಲ್ಲೆ ಅನ್ನಿಸುವ ಇಳಿಜಾರೂ ಅದೇ. ಪಾಸ್‌ಗೆ ಮೊದಲು ಸಿಗುವ ಕಡಿದಾದ ಕೊರಕಲಿನಲ್ಲಿ ಫೋಟೋಗೆಂದು ನಿಲ್ಲಬೇಡ. ಮೇಲಿನಿಂದ ಜಾರಿದ್ದೆಲ್ಲ ಅಲ್ಲಿಗೇ ಬಂದು ಆಳವಾಗಿ ತುಂಬಿಕೊಳ್ಳುತ್ತದೆ. ಒಬ್ಬೊಬ್ಬರಾಗಿ ದಾಟಿ, ಉಳಿದವರು ಪಕ್ಕದ ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಲಿ. ಕಾಲು ಮೊಣಕಾಲಿನವರೆಗೆ ಹೂತರೆ, ಮೇಲಿನಿಂದ ಹಿಮದುಂಡೆಗಳು ತಾವಾಗಿಯೇ ಉರುಳಿ ಬಂದರೆ, ಅಥವಾ ಕಾಲಡಿಯಲ್ಲಿ ‘ಧುಂ’ ಎಂದು ಏನೋ ಕುಸಿದ ಸದ್ದಾದರೆ, ಅವತ್ತಿಗೆ ಹಿಂದಿರುಗಿ.

ಟ್ರೆಕ್ಕಿಂಗ್‌ಗೆ ಹೋದವರಿಗೆ ಮಾತ್ರ ಈ ಅಪಾಯ ಅಂದುಕೊಳ್ಳಬೇಡ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥೂಲಾ ರಸ್ತೆಯ ಪಕ್ಕದಲ್ಲಿ ಹಿಮ ಕುಸಿದು 7 ಪ್ರವಾಸಿಗರು ಸತ್ತರು. ಅದೂ ನಡುಹಗಲಿನಲ್ಲಿ. ಆ ಸುದ್ದಿ ನೆನಪಾದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಿಮದಡಿ ಸಿಕ್ಕವರನ್ನು ಮೊದಲ 10-15 ನಿಮಿಷದೊಳಗೆ ತೆಗೆದರೆ ಬದುಕುವ ಸಂಭವ ಹೆಚ್ಚು. ಅರ್ಧ ಗಂಟೆ ಕಳೆದರೆ ಉಸಿರುಗಟ್ಟಿ ಆಸೆ ಕಮ್ಮಿಯಾಗುತ್ತದೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ, ಜೊತೆಯವರೇ ಅಗೆಯಬೇಕು. ಅದಕ್ಕೇ ಹೂತವರಿರುವ ಜಾಗದ ಸಂಕೇತ ಕೊಡುವ ಬೀಕನ್, ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ, ಸಲಿಕೆ ಮೂರೂ ಬೇಕು. ಬಳಸಿ ಅಭ್ಯಾಸವೂ ಇರಬೇಕು. ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಸಿಕ್ಕರೆ ನೋಡು. ಆದರೆ ಅದು ವಿಶಾಲ ಪ್ರದೇಶಕ್ಕೆ ಹೇಳಿದ್ದು, ನಿನ್ನೆದುರಿನ ಕೊರಕಲಿನ ಲೆಕ್ಕ ಅದರಲ್ಲಿ ಇರುವುದಿಲ್ಲ.

ಈಗಲೇ ತಂಡದವರಿಗೆ ಫೋನ್ ಮಾಡಿ ಕೇಳು. ಎಷ್ಟು ಗಂಟೆಯೊಳಗೆ ಪಾಸ್ ದಾಟದಿದ್ದರೆ ಹಿಂದಿರುಗುತ್ತೀರಿ? ಹವೆ ಕೆಟ್ಟರೆ ಕಾಯಲು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದೀರಾ? ಎಷ್ಟು ಬೀಕನ್ ಒಯ್ಯುತ್ತೀರಿ? ಉತ್ತರ ಸರಿಯಾಗಿ ಬರದಿದ್ದರೆ ಬೇರೆ ತಂಡ ಹುಡುಕು. ಕಟ್ಟಿದ ಮುಂಗಡ ಹೋದರೆ ಹೋಗಲಿ, ಅದನ್ನು ನಾನು ಕೊಡುತ್ತೇನೆ.