ಐನೂರು ರೂಪಾಯಿಯ ಕಾರ್ಡು ನಾನೇಕೆ ಬಿಟ್ಟೆ

2024ರ ಜನವರಿಯ ಒಂದು ನಸುಕಿನಲ್ಲಿ ಅಪ್ಪನಿಗೆ ಎದೆ ಹಿಡಿದುಕೊಂಡಿತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಜನ್ಮವಿಡೀ ಇಳಕಲ್ ಸೀರೆ ನೇಯ್ದ ಜೀವ; ನೋವು ಅಂತ ಬಾಯಿಬಿಟ್ಟು ಹೇಳಿದವನಲ್ಲ. ಕಾರು ಹುನಗುಂದ, ಅಮೀನಗಡ ದಾಟುವಾಗ ನನ್ನ ಕಿಸೆಯಲ್ಲಿದ್ದ ಪಾಲಿಸಿ ಕಾರ್ಡೇ ನನಗೆ ಧೈರ್ಯ. ಖಾಸಗಿ ಆಸ್ಪತ್ರೆ ಮುಟ್ಟಿದೊಡನೆ ಯೋಜನೆಗಳ ಕೌಂಟರಿನಲ್ಲಿದ್ದ ಹುಡುಗಿ, "ಯಶಸ್ವಿನಿ ಕಾರ್ಡ್ ಐತೇನ್ರಿ?" ಅಂದಳು. "ಇಲ್ಲವ್ವಾ, ನಮ್ಮದು ಸ್ವಂತ ಪಾಲಿಸಿ ಐತಿ" ಅಂದೆ. ಆ ಉತ್ತರಕ್ಕೆ ನಾನು ತೆತ್ತದ್ದು 79 ಸಾವಿರ ರೂಪಾಯಿ.

ಅಪ್ಪ ನಮ್ಮ ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘದ ಹಳೆಯ ಸದಸ್ಯ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆಂದು ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗ ತಲೆಗೆ ವರ್ಷಕ್ಕೆ 60 ರೂಪಾಯಿ ಇತ್ತು. ಆಗಿನಿಂದಲೂ ತಪ್ಪದೆ ಕಟ್ಟಿದ್ದ. 2018ರಲ್ಲಿ ಆ ಯೋಜನೆ ನಿಂತಿತು. ಅದೇ ವರ್ಷ ನಾನು ಅಪ್ಪ, ಅವ್ವ ಇಬ್ಬರಿಗೂ ಸೇರಿಸಿ 3 ಲಕ್ಷದ ಪಾಲಿಸಿ ಮಾಡಿಸಿದೆ. ಪ್ರೀಮಿಯಂ 20,000, ಜಿಎಸ್‌ಟಿ 3,600. 2022–23ರಲ್ಲಿ ಯಶಸ್ವಿನಿ ಮತ್ತೆ ಬಂತು: ಗ್ರಾಮೀಣ ಸಂಘದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಸಂಘದ ಕಾರ್ಯದರ್ಶಿ ಫೋನ್ ಮಾಡಿ, "ಯಜಮಾನ್ರ ಹೆಸರು ಹಚ್ಚಲೇನ್ರಿ?" ಅಂತ ಕೇಳಿದರು. ಬೇಡ ಅಂದೆ. ಸಾದಾ ವಾರ್ಡಿನ ಕಾರ್ಡು ನಮಗೇಕೆ, ಅದು ಇಲ್ಲದವರಿಗೆ ಇರಲಿ ಎಂಬುದು ಆಗಿನ ನನ್ನ ಎಣಿಕೆ.

ಆಸ್ಪತ್ರೆಯಲ್ಲಿ ಅಪ್ಪ, "ಸಾದಾ ವಾರ್ಡಿನ್ಯಾಗ ಮಲಗ್ತೀನಿ ತಮ್ಮಾ, ಸುಮ್ಮನ ರೊಕ್ಕ ಯಾಕ?" ಅಂದ. ನಾನು ಕೇಳಲಿಲ್ಲ. ದಿನಕ್ಕೆ 6,000 ರೂಪಾಯಿಯ ಕೋಣೆ ಹಿಡಿದೆ. ಪಾಲಿಸಿಯಲ್ಲಿ ಕೋಣೆ ಬಾಡಿಗೆಯ ಮಿತಿ ವಿಮಾ ಮೊತ್ತದ ಶೇ 1, ಅಂದರೆ 3,000. ಹೆಚ್ಚಿನದ್ದು ನಾಲ್ಕು ದಿನಕ್ಕೆ 12,000, ಅಷ್ಟನ್ನು ಕೈಯಿಂದ ಕೊಟ್ಟರಾಯಿತು ಅಂದುಕೊಂಡೆ. ಲೆಕ್ಕ ಹಾಗಿರಲಿಲ್ಲ.

ಬಿಲ್ಲು ಆದದ್ದು 2,35,000. ಕೋಣೆ 24,000. ವೈದ್ಯರು, ಕ್ಯಾಥ್‌ಲ್ಯಾಬ್, ಶುಶ್ರೂಷೆ ಸೇರಿ 1,20,000. ಐಸಿಯು, ಔಷಧ, ತಪಾಸಣೆ, ಸ್ಟೆಂಟ್ ಸೇರಿ 84,000. ಕೈಗವಸು, ಹತ್ತಿ, ಫೈಲು ಇತ್ಯಾದಿ 7,000. ಅರ್ಹತೆಗಿಂತ ಎರಡು ಪಟ್ಟು ಬಾಡಿಗೆಯ ಕೋಣೆ ಹಿಡಿದದ್ದರಿಂದ ಕಂಪನಿ ಬಾಡಿಗೆಯನ್ನಷ್ಟೇ ಅರ್ಧ ಮಾಡಲಿಲ್ಲ, ವೈದ್ಯರು, ಕ್ಯಾಥ್‌ಲ್ಯಾಬ್, ಶುಶ್ರೂಷೆಯ ಬಾಬತ್ತನ್ನೂ ಅರ್ಧ ಮಾಡಿತು. 12,000 ಕಡಿತ ಅಲ್ಲಿ, 60,000 ಇಲ್ಲಿ. ಕೈಗವಸಿನ 7,000 ಪೂರ್ತಿ ನಮ್ಮದೇ. ಕಂಪನಿ ಕೊಟ್ಟದ್ದು 1,56,000, ನಾನು ಕಟ್ಟಿದ್ದು 79,000. ಹನ್ನೆರಡು ಸಾವಿರದ ಹೆಚ್ಚುವರಿ ಬಾಡಿಗೆ ಅರವತ್ತು ಸಾವಿರವನ್ನು ಜೊತೆಗೆ ಎಳೆದುಕೊಂಡು ಹೋಯಿತು. ಇಂಥ ಮಿತಿ ಇರುವ ಪಾಲಿಸಿಯನ್ನು ಅಗ್ಗ ಅಂತ ಮಾರುವುದನ್ನು ನಾನು ಒಪ್ಪುವುದಿಲ್ಲ. ಕಾಯಿಲೆ ಬಿದ್ದ ದಿನ ಅರ್ಧ ಕೈಬಿಡುವ ವಿಮೆ ಯಾವ ದರಕ್ಕೂ ದುಬಾರಿಯೇ. ನಿಮ್ಮ ಪಾಲಿಸಿಯಲ್ಲಿ ಆ ಸಾಲು ಇದ್ದರೆ ಮುಂದಿನ ನವೀಕರಣಕ್ಕೆ ಮೊದಲೇ ಬೇರೆ ಕಂಪನಿಗೆ ಪೋರ್ಟ್ ಮಾಡಿ.

ಆದರೆ ನನ್ನ ನಿಜವಾದ ತಪ್ಪು ಕೋಣೆಯದಲ್ಲ, ಕೌಂಟರಿನಲ್ಲಿ ಕೊಟ್ಟ ಉತ್ತರದ್ದು. ಯಶಸ್ವಿನಿಯಲ್ಲಿ ಪ್ರತಿ ಚಿಕಿತ್ಸೆಗೂ ಪ್ಯಾಕೇಜ್ ದರ ಮೊದಲೇ ಗೊತ್ತಾಗಿರುತ್ತದೆ. ಆ ದರಕ್ಕೆ ಒಪ್ಪಿದ ಆಸ್ಪತ್ರೆ ಸಾಮಾನ್ಯ ವಾರ್ಡಿನಲ್ಲಿ ನಗದಿಲ್ಲದೆ ಚಿಕಿತ್ಸೆ ಕೊಡಬೇಕು. ಲಕ್ಷಗಟ್ಟಲೆ ಜನರ ಪರವಾಗಿ ಚೌಕಾಸಿ ಮಾಡುವ ಬಲ ಸರ್ಕಾರಕ್ಕಿದೆ, ಒಬ್ಬಂಟಿಯಾಗಿ ಹೋಗುವ ನನಗಿಲ್ಲ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಗರಿಷ್ಠ ಬೆಲೆ ಕಟ್ಟಿತು. ಅದಕ್ಕೆ ಮೊದಲು ಅದೇ ಸ್ಟೆಂಟ್‌ಗೆ ಲಕ್ಷ ದಾಟಿ ತೆತ್ತವರಿದ್ದಾರೆ. ಯಾವ ಪಾಲಿಸಿಯೂ ಅಷ್ಟು ಉಳಿಸಿಕೊಟ್ಟಿರಲಿಲ್ಲ.

ಸರ್ಕಾರಿ ಆರೋಗ್ಯ ಯೋಜನೆಗಳ ದುಡ್ಡು ನಮ್ಮದೇ. ಡೀಸೆಲ್ ಹಾಕಿಸುವಾಗ, ನೂಲು ಕೊಳ್ಳುವಾಗ ತೆರಿಗೆ ಕಟ್ಟುತ್ತೇವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಇದೆ. ನಮ್ಮಂಥ ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ 30 ಸರ್ಕಾರ ಭರಿಸುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಚಿಕಿತ್ಸೆಗೆ ಅದೂ ಬೇಡ. ನಾನು ಅದನ್ನೂ ಕೇಳಲಿಲ್ಲ. ತೆರಿಗೆಯಾಗಿ ಒಮ್ಮೆ, ಪ್ರೀಮಿಯಂ ಆಗಿ ಒಮ್ಮೆ, ಬಿಲ್ಲಾಗಿ ಇನ್ನೊಮ್ಮೆ, ಹೀಗೆ ಒಂದೇ ಚಿಕಿತ್ಸೆಗೆ ಮೂರು ಸಲ ತೆತ್ತೆ.

ಪ್ರೀಮಿಯಂ ಮಾತ್ರ ಏರುತ್ತಲೇ ಇದೆ. 2024ರ ಡಿಸೆಂಬರಿನಲ್ಲಿ ತೆರಿಗೆ ಸೇರಿ 40,120 ಕಟ್ಟಿದ್ದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಆರು ಸಾವಿರ ಉಳಿಯಿತು ಅಂದುಕೊಂಡೆ. ಆದರೆ ಮುಂದಿನ ನವೀಕರಣದಲ್ಲಿ ಮೂಲ ಪ್ರೀಮಿಯಂ 34,000ದಿಂದ 37,400ಕ್ಕೆ ಏರಿತು. ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸುವ ಮುನ್ನ ತನ್ನನ್ನು ಕೇಳಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಕಂಪನಿ ಸರಿಯಾಗಿ ಶೇ 10 ಏರಿಸಿತು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ದೇಶದಲ್ಲಿ ಆರೋಗ್ಯಕ್ಕೆ ಖರ್ಚಾದ ನೂರು ರೂಪಾಯಿಯಲ್ಲಿ 39 ರೂಪಾಯಿಯನ್ನು ಜನ ತಮ್ಮ ಕಿಸೆಯಿಂದಲೇ ಕೊಟ್ಟಿದ್ದರು. ಇದು 2021–22ರ ಸರ್ಕಾರಿ ಲೆಕ್ಕ. ಆ ವರ್ಷ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ 1.84. 2025ಕ್ಕೆ ಶೇ 2.5 ಮುಟ್ಟಬೇಕೆಂದು 2017ರ ಆರೋಗ್ಯ ನೀತಿ ಹೇಳಿತ್ತು. ಕಾರ್ಡಿನ ಮೂಲಕ ಖಾಸಗಿ ಆಸ್ಪತ್ರೆಗೆ ಹೋಗುವ ತೆರಿಗೆ ಹಣ ಬೇಕೇಬೇಕು. ಆದರೆ ಬಾದಾಮಿಯವರಾಗಲಿ ಹುನಗುಂದದವರಾಗಲಿ ಎದೆನೋವಿಗೆ ಊರು ಬಿಟ್ಟು ಓಡಬೇಕಾಗದ ಹಾಗೆ ತಾಲ್ಲೂಕು ಆಸ್ಪತ್ರೆಯನ್ನು ಕಟ್ಟುವುದಕ್ಕೂ ಅದೇ ಹಣ ಬೇಕು. ಓಟು ಕೇಳಲು ಬಂದವರಿಗೆ ಇದನ್ನು ಕೇಳದೆ ಕಳಿಸಬೇಡಿ.

ಈಗ ನಮ್ಮ ಮನೆಯ ಕ್ರಮ ಬದಲಾಗಿದೆ. ಮೊದಲು ಸರ್ಕಾರಿ ಕಾರ್ಡು, ಆಮೇಲೆ ಕೋಣೆ ಮಿತಿ ಇಲ್ಲದ ಪಾಲಿಸಿ, ಅದರ ಮೇಲೆ, ಬಿಲ್ಲು ಒಂದು ಮಿತಿ ದಾಟಿದ ಮೇಲೆ ಕೈಹಿಡಿಯುವ ಸೂಪರ್ ಟಾಪ್‌ಅಪ್ ವಿಮೆ. ಈ ಸಲ ಸಂಘಕ್ಕೆ ನಾನೇ ಹೋಗಿ 500 ರೂಪಾಯಿ ಕಟ್ಟಿ ಬಂದೆ. ಅಪ್ಪ ರಸೀದಿಯನ್ನು ಎರಡು ಸಲ ಓದಿ, ಮಡಚಿ, ಸಂಘದ ಹಳೇ ಪಾಸ್‌ಬುಕ್ಕಿನೊಳಗೆ ಇಟ್ಟ. ನೋಂದಣಿ ವರ್ಷಪೂರ್ತಿ ತೆರೆದಿರುವುದಿಲ್ಲ. ನಿಮ್ಮ ಸಂಘದಲ್ಲಿ ಕೊನೆಯ ದಿನ ಯಾವುದು ಅಂತ ಇವತ್ತೇ ಕೇಳಿ.