ಒಪ್ಪಿಸುವ ಬಗೆ

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರಾಕಾರದೊಳಗೆ, ಮುಖ್ಯ ಗುಡಿಯ ದಕ್ಷಿಣಕ್ಕೆ, ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ಆ ಹೆಸರಿನ ಹಿಂದಿರುವ ಐತಿಹ್ಯವನ್ನು ಕೇಳದ ಕನ್ನಡಿಗರು ವಿರಳ. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಕಟ್ಟಿಸಿದ ಈ ದೇವಾಲಯದ ವಿಗ್ರಹಗಳ ಮೇಲೆ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳು ಕೊರೆಯಲ್ಪಟ್ಟಿವೆ. ಜಕಣಾಚಾರಿಯಾದರೋ ಜನರ ನಾಲಗೆಯ ಮೇಲೆ ಬದುಕಿದವನು. ಬಿ. ಎಸ್. ರಂಗಾ ಅವರು 1964ರಲ್ಲಿ ಅವನ ಕಥೆಯನ್ನು ‘ಅಮರಶಿಲ್ಪಿ ಜಕಣಾಚಾರಿ’ ಎಂಬ ವರ್ಣಚಿತ್ರವಾಗಿ ತೆರೆಗೆ ತಂದರು.

ಪ್ರತಿಷ್ಠೆಗೆ ಸಿದ್ಧವಾದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಊರುಕೇರಿ ತಿಳಿಯದ ಹುಡುಗನೊಬ್ಬ ನುಡಿಯುತ್ತಾನೆ. ಅವನೇ ಡಂಕಣ. ಎದುರಿಗೆ ನಿಂತವನು ನಾಡೇ ಕೊಂಡಾಡುವ ಶಿಲ್ಪಿ. ಹುಡುಗನಿಗೆ ವಯಸ್ಸಿಲ್ಲ, ಹೆಸರಿಲ್ಲ, ಶಿಫಾರಸು ಮಾಡುವವರಿಲ್ಲ. ದೋಷ ತೋರಿದರೆ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣಾಚಾರಿ ಶಪಥ ಮಾಡುತ್ತಾನೆ. ಡಂಕಣ ವಾದಕ್ಕೆ ಇಳಿಯುವುದಿಲ್ಲ. ಬೇಲೂರಿನಲ್ಲಿ ಹೇಳುವಂತೆ, ವಿಗ್ರಹದ ಮೈಗೆಲ್ಲ ಗಂಧವನ್ನು ಲೇಪಿಸಿದರು. ಎಲ್ಲೆಡೆ ಒಣಗಿದ ಲೇಪ ಹೊಕ್ಕುಳಿನ ಬಳಿ ಮಾತ್ರ ಹಸಿಯಾಗಿ ಉಳಿಯಿತು. ಅಲ್ಲಿ ಉಳಿ ತಾಗಿದಾಗ ನೀರೂ ಕಪ್ಪೆಯೂ ಹೊರಬಂದವು. ಜಕಣಾಚಾರಿ ಹುಡುಗನ ಮಾತನ್ನು ನಂಬಬೇಕಾಗಿರಲಿಲ್ಲ. ತನ್ನ ಕಣ್ಣನ್ನು ನಂಬಿದರೆ ಸಾಕಾಗಿತ್ತು. ಕೈ ಕಳೆದುದಕ್ಕೆ ಆ ಪರೀಕ್ಷೆ ಕಾರಣವಲ್ಲ, ಶಪಥ ಕಾರಣ. ಆ ಹುಡುಗ ತನ್ನ ಮಗನೇ ಎಂಬುದು ಅವನಿಗೆ ತಿಳಿದದ್ದು ಆಮೇಲೆ.

ಇಲ್ಲಿ ಬಾಲಕನು ಹಿರಿಯನನ್ನು ಒಪ್ಪಿಸಿದನು. ಎಂಟು ವರ್ಷಗಳ ಅನಂತರ, 1972ರಲ್ಲಿ ಬಂದ ‘ನಾಗರಹಾವು’ ಚಿತ್ರದಲ್ಲಿ ಹಿರಿಯನು ಕಿರಿಯನನ್ನು ಒಪ್ಪಿಸುತ್ತಾನೆ. ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರವಿದು. ಚಿತ್ರದುರ್ಗದ ರಾಮಾಚಾರಿ ಯಾರಿಗೂ ತಲೆಬಾಗದ ಮುಂಗೋಪಿ, ಊರಿಗೆಲ್ಲ ಬೇಡವಾದವನು. ಅವನನ್ನು ಮಗನಂತೆ ಕಂಡವರು ಚಾಮಯ್ಯ ಮೇಷ್ಟರು. ಕೆ. ಎಸ್. ಅಶ್ವತ್ಥ್ ಅವರ ಆ ಅಭಿನಯವನ್ನು ನೋಡಿದವರಿಗೆ ಮೇಷ್ಟರ ವಾತ್ಸಲ್ಯದಲ್ಲಿ ಕಪಟವಿತ್ತೆಂದು ಎಂದಿಗೂ ಅನಿಸದು. ತೊಡಕು ಇರುವುದೂ ಅಲ್ಲಿಯೇ.

ರಾಮಾಚಾರಿ ಅಲಮೇಲುವನ್ನು ಪ್ರೀತಿಸಿದಾಗ ಕುಲಾಚಾರದ ಭೇದ ಅಡ್ಡ ಬರುತ್ತದೆ. ಅವಳನ್ನು ಬಿಟ್ಟುಬಿಡು ಎನ್ನುತ್ತಾರೆ ಮೇಷ್ಟರು. ಗಂಧದ ಲೇಪದಂಥ ಪರೀಕ್ಷೆಯೊಂದೂ ಅವರ ಬಳಿಯಿಲ್ಲ. ಇರುವುದು ಶಿಷ್ಯನಿಗೆ ತಮ್ಮ ಮೇಲಿರುವ ಭಕ್ತಿ ಮಾತ್ರ. ಪ್ರಮಾಣವನ್ನು ಮುಂದಿಟ್ಟರೆ ಅದು ಸುಳ್ಳೆಂದು ವಾದಿಸಬಹುದು. ಪ್ರೀತಿಯನ್ನೇ ಪ್ರಮಾಣವಾಗಿ ಮುಂದಿಟ್ಟರೆ ವಾದಿಸುವವನು ಕೃತಘ್ನನಾಗುತ್ತಾನೆ. ಯಾರ ಬೆದರಿಕೆಗೂ ಬಗ್ಗದ ರಾಮಾಚಾರಿ ಅಂದು ಬಗ್ಗಿದನು. ಪಣಕ್ಕಿದ್ದುದು ಅಲಮೇಲುವಿನ ಬಾಳು. ತೀರ್ಮಾನವಾದುದು ಗುರುಶಿಷ್ಯರ ನಡುವೆ.

ಅಲಮೇಲು ಬೇರೊಬ್ಬನ ಕೈಹಿಡಿದು ದುರ್ಗತಿಗೆ ಈಡಾಗುತ್ತಾಳೆ. ಅವಳನ್ನು ಆ ಸ್ಥಿತಿಯಲ್ಲಿ ಕಂಡ ಮೇಲೆ ರಾಮಾಚಾರಿಯೊಳಗೆ ಏನೋ ಮುರಿಯುತ್ತದೆ. ಅವನು ಮಾರ್ಗರೆಟ್ಟಳನ್ನು ಮೆಚ್ಚಿದಾಗ ಅಡ್ಡ ಬರುವುದು ಧರ್ಮ. ಮೇಷ್ಟರು ಮತ್ತೆ ಬರುತ್ತಾರೆ; ದುರ್ಗದ ಬೆಟ್ಟದ ಮೇಲೆ ನಿಂತು ಹಿಂದಿನಂತೆಯೇ ಬೇಡುತ್ತಾರೆ, ಗದರಿಸುತ್ತಾರೆ. ಮೊದಲ ಸಲ ಗೆದ್ದ ಅದೇ ವಾತ್ಸಲ್ಯ, ಅದೇ ಸಲುಗೆ. ಆದರೆ ಈ ಸಲ ಶಿಷ್ಯನ ಕಣ್ಣ ಮುಂದೆ ಅಲಮೇಲು ಇದ್ದಾಳೆ. ಆ ವಾಗ್ವಾದ ಮೇಷ್ಟರ ಸಾವಿನಲ್ಲಿ ಮುಗಿಯುತ್ತದೆ.