ಗುಡಗೇರಿಯಿಂದ ವ್ಯಾಯಾಮ ವಿಜ್ಞಾನ ಪದವಿಗೆ: ಹಾದಿ ಹೇಗೆ?

ಓಡುವಾಗ, ಭಾರ ಎತ್ತುವಾಗ, ದಣಿದಾಗ ದೇಹದೊಳಗೆ ಏನು ನಡೆಯುತ್ತದೆ ಎಂಬುದನ್ನು ಅಳೆದು ತಿಳಿಯುವ ಶಾಸ್ತ್ರವೇ ವ್ಯಾಯಾಮ ವಿಜ್ಞಾನ. ಕಬಡ್ಡಿಯಲ್ಲಿ ಒಂದು ರೇಡ್‌ಗೆ ಸಿಗುವುದು 30 ಸೆಕೆಂಡ್. ಮೊದಲ ಹತ್ತು ಸೆಕೆಂಡಿನ ಬಿರುಸಿಗೆ ಬೇಕಾದ ಶಕ್ತಿಯಲ್ಲಿ ದೊಡ್ಡ ಪಾಲು ಸ್ನಾಯುವಿನಲ್ಲೇ ಇರುವ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್‌ನಿಂದ ಬರುತ್ತದೆ. ಆಮೇಲೆ ಗ್ಲೈಕೋಜನ್ ನೆರವಿಗೆ ಬರುತ್ತದೆ. ನಿಮಿಷಗಟ್ಟಲೆ ಓಡಬೇಕಾದರೆ ಆಮ್ಲಜನಕವೇ ಮುಖ್ಯ ಆಧಾರ. ಗರಡಿ, ಕಬಡ್ಡಿ, ಖೋಖೋ ಬಲ್ಲ ಹಳ್ಳಿಯ ವಿದ್ಯಾರ್ಥಿಗೆ ಈ ಶಾಸ್ತ್ರದ ಉದಾಹರಣೆಗಳು ಹೊಸವಲ್ಲ. ಅವುಗಳ ಲೆಕ್ಕ ಮಾತ್ರ ಹೊಸದು.

ಹಂತ 1: ಪಿಯುಸಿ ವಿಷಯದ ಆಯ್ಕೆ

ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಾಡುವ ಆಯ್ಕೆ ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ಎಲ್ಲ ದಾರಿಗಳೂ ತೆರೆದಿರುತ್ತವೆ. ಕಲಾ ಅಥವಾ ವಾಣಿಜ್ಯ ವಿಭಾಗದವರಿಗೆ ಫಿಸಿಯೋಥೆರಪಿ ಸಿಗುವುದಿಲ್ಲ. ಆದರೆ ಪದವಿಯ ನಂತರ ದೈಹಿಕ ಶಿಕ್ಷಣದ ದಾರಿ ಅವರಿಗೂ ಉಂಟು.

ಹಂತ 2: ಮೂರು ದಾರಿಗಳಲ್ಲಿ ಒಂದು

ದೈಹಿಕ ಶಿಕ್ಷಣ: ಯಾವುದೇ ಪದವಿಯ ನಂತರ ಎರಡು ವರ್ಷದ ಬಿ.ಪಿ.ಇಡಿ, ಆಮೇಲೆ ಎರಡು ವರ್ಷದ ಎಂ.ಪಿ.ಇಡಿ. ಗುಡಗೇರಿಯವರಿಗೆ ಹತ್ತಿರದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1949ರಲ್ಲಿ ಸ್ಥಾಪನೆಯಾದ ಇದರಲ್ಲಿ ದೈಹಿಕ ಶಿಕ್ಷಣದ ಸ್ನಾತಕೋತ್ತರ ವಿಭಾಗವಿದೆ. ಬೋಧನಾಭ್ಯಾಸದ ಜತೆಗೆ ಅಂಗರಚನೆ, ಶರೀರಕ್ರಿಯೆ, ಚಲನಶಾಸ್ತ್ರವೂ ಇಲ್ಲಿ ಪಠ್ಯ.

ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನ: ಇದೇ ವಿಷಯದಲ್ಲಿ ಪದವಿ ನೀಡುವ ಸಂಸ್ಥೆಗಳು ಕಡಿಮೆ. ರಾಜ್ಯದಲ್ಲಿ ಮಣಿಪಾಲದ ಮಾಹೆ, ನೆರೆಯ ಚೆನ್ನೈನಲ್ಲಿ ಶ್ರೀ ರಾಮಚಂದ್ರ ಸಂಸ್ಥೆ ಇವೆ. ಎರಡೂ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯಗಳಾದ್ದರಿಂದ ಶುಲ್ಕವನ್ನು ಮೊದಲೇ ವಿಚಾರಿಸಬೇಕು. 1957ರಲ್ಲಿ ಗ್ವಾಲಿಯರ್‌ನಲ್ಲಿ ಆರಂಭವಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಸಂಸ್ಥೆ ಕೇಂದ್ರ ಸರ್ಕಾರದ್ದು.

ಫಿಸಿಯೋಥೆರಪಿ: ಗಾಯಗೊಂಡವರನ್ನು ಮತ್ತೆ ಮೈದಾನಕ್ಕೆ ಕರೆತರುವ ಕೆಲಸದಲ್ಲಿ ಆಸಕ್ತಿಯಿದ್ದರೆ ಬಿಪಿಟಿ ಸೂಕ್ತ. ಧಾರವಾಡದಲ್ಲಿ ಎಸ್‌ಡಿಎಂ, ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕಾಲೇಜುಗಳಿವೆ.

ಹಂತ 3: ಮಾನ್ಯತೆಯ ಪರಿಶೀಲನೆ

ಬಿ.ಪಿ.ಇಡಿ ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) ಮಾನ್ಯತೆ ಮತ್ತು ವಿಶ್ವವಿದ್ಯಾಲಯದ ಸಂಯೋಜನೆ ಎರಡೂ ಇರಬೇಕು. ಮಾನ್ಯತೆಯಿಲ್ಲದ ಕಾಲೇಜಿನ ಪದವಿ ಶಿಕ್ಷಕರ ನೇಮಕಾತಿಯಲ್ಲಿ ನಡೆಯುವುದಿಲ್ಲ. ಕೆಲವು ವಾರಗಳ ಜಿಮ್ ತರಬೇತಿಯ ಪ್ರಮಾಣಪತ್ರ ಕೆಲಸಕ್ಕೆ ನೆರವಾಗಬಹುದು, ಆದರೆ ಅದು ಪದವಿಗೆ ಸಮವಲ್ಲ.

ಹಂತ 4: ಕ್ರೀಡಾ ದಾಖಲೆಗಳ ಜೋಪಾನ

ಬಿ.ಪಿ.ಇಡಿ ಪ್ರವೇಶದಲ್ಲಿ ಅಂಕಗಳ ಜತೆಗೆ ಆಟವೂ ಲೆಕ್ಕಕ್ಕೆ ಬರುತ್ತದೆ. ಪದವಿ ಓದುವಾಗ ಅಂತರ ಕಾಲೇಜು ಅಥವಾ ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ಆಡಿದ ಪ್ರಮಾಣಪತ್ರ ಬೇಕಾಗುತ್ತದೆ. ಹೋಬಳಿ, ತಾಲ್ಲೂಕು ಮಟ್ಟದಿಂದಲೇ ಎಲ್ಲವನ್ನೂ ಒಂದೇ ಕಡತದಲ್ಲಿ ಇಡುವುದು ಒಳ್ಳೆಯದು. ಹೆಸರಿನ ಅಕ್ಷರಗಳು ಅಂಕಪಟ್ಟಿಯಲ್ಲಿದ್ದಂತೆಯೇ ಇವೆಯೇ ಎಂದು ಆಗಿಂದಾಗ್ಗೆ ನೋಡಿಕೊಂಡರೆ ಕೊನೆಯ ಗಳಿಗೆಯ ಪರದಾಟ ತಪ್ಪುತ್ತದೆ.

ಹಂತ 5: ಶಾಲಾ ಮೈದಾನದಲ್ಲೇ ಮೊದಲ ಪ್ರಯೋಗ

ಪ್ರವೇಶಕ್ಕೆ ಮುನ್ನವೇ ಅಳತೆಯ ರೂಢಿ ಬೆಳೆಸಿಕೊಳ್ಳಬಹುದು. ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ 12 ನಿಮಿಷದ ಓಟದ ಪರೀಕ್ಷೆಗೆ ಬೇಕಾಗುವುದು ಗಡಿಯಾರ, ಟೇಪು ಮತ್ತು ಒಂದು ಮೈದಾನ. ಸುಣ್ಣದಿಂದ 200 ಮೀಟರ್ ಸುತ್ತು ಗುರುತಿಸಿ 12 ನಿಮಿಷದಲ್ಲಿ ಓಡಿದ ದೂರವನ್ನು ಬರೆದುಕೊಳ್ಳಬೇಕು. ಆ ದೂರದಲ್ಲಿ 504.9 ಕಳೆದು 44.73ರಿಂದ ಭಾಗಿಸಿದರೆ ದೇಹ ಆಮ್ಲಜನಕ ಬಳಸಬಲ್ಲ ಗರಿಷ್ಠ ಪ್ರಮಾಣದ ಅಂದಾಜು ಸಿಗುತ್ತದೆ. ಹತ್ತು ಸುತ್ತು, ಅಂದರೆ 2000 ಮೀಟರ್ ಓಡಿದವರದು ಸುಮಾರು 33. ಹನ್ನೆರಡು ಸುತ್ತು ಓಡಿದವರದು 42. ಪ್ರತಿ ಕಿಲೋ ತೂಕಕ್ಕೆ, ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಇದರ ಅರ್ಥ.

ಇಲ್ಲೊಂದು ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿ ಓಟ ಭಾರವಾಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆಷಾಢದ ಅಂಕಿಯನ್ನು ಚೈತ್ರದ ಅಂಕಿಯೊಂದಿಗೆ ಹೋಲಿಸಿದರೆ ಓಟಗಾರನ ಬದಲು ಮಣ್ಣನ್ನೇ ಅಳೆದಂತಾಗುತ್ತದೆ. ನೆಲ, ಹೊತ್ತು, ಬಿಸಿಲು ಒಂದೇ ಥರ ಇದ್ದಾಗಲೇ ಹೋಲಿಕೆ ಸರಿ. ಎದೆನೋವು, ಉಬ್ಬಸ ಇರುವವರು ವೈದ್ಯರ ಸಲಹೆಯಿಲ್ಲದೆ ಈ ಪರೀಕ್ಷೆಗೆ ಇಳಿಯಬಾರದು.

ಹಂತ 6: ಖರ್ಚು ಮತ್ತು ಓಡಾಟ

ಗುಡಗೇರಿಗೆ ಹುಬ್ಬಳ್ಳಿ–ಹಾವೇರಿ ಮಾರ್ಗದಲ್ಲಿ ರೈಲು ನಿಲ್ದಾಣವಿದೆ. ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಆದರೆ ಮುಂಜಾನೆಯೇ ಮೈದಾನದ ಪಾಠ ಇರುವ ಕೋರ್ಸಿಗೆ ದಿನವೂ ಓಡಾಡುವುದಕ್ಕಿಂತ ಧಾರವಾಡದ ಹಾಸ್ಟೆಲ್ ಅನುಕೂಲ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮುನ್ನವೇ ಮಾಡಿಸಿಟ್ಟುಕೊಳ್ಳಬೇಕು. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯೂ ಇದೆ.

ಹಂತ 7: ಪದವಿಯ ನಂತರ

ಬಿ.ಪಿ.ಇಡಿ ಆದವರು ಪ್ರೌಢಶಾಲೆಯ ದೈಹಿಕ ಶಿಕ್ಷಕರಾಗಬಹುದು. ಕಾಲೇಜು ಹುದ್ದೆಗೆ ಎಂ.ಪಿ.ಇಡಿ ಜತೆಗೆ ನೆಟ್ ಅಥವಾ ಕೆ-ಸೆಟ್ ಬೇಕು. ಕೋಚ್ ಆಗುವ ಆಸೆಯಿದ್ದರೆ 1961ರಲ್ಲಿ ಪಟಿಯಾಲದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ಕ್ರೀಡಾ ವಿಜ್ಞಾನದ ಪದವೀಧರರು ತಂಡಗಳಲ್ಲಿ, ಅಕಾಡೆಮಿಗಳಲ್ಲಿ ದೇಹದಾರ್ಢ್ಯ ತರಬೇತುದಾರರಾಗಬಹುದು; ಬಿಪಿಟಿ ಮುಗಿಸಿದವರಿಗೆ ಆಸ್ಪತ್ರೆ ಮತ್ತು ಕ್ರೀಡಾ ತಂಡ ಎರಡೂ ಕಡೆ ಕೆಲಸವಿದೆ.